ಸುಮ್ಮನಿರುವ ಹಕ್ಕು

ಮಿಸ್ಸಿಸಾಗಾದ ಗೋದಾಮಿನಲ್ಲಿ ನಿಜಗುಣನಿಗೆ ಎರಡು ಕೆಲಸ. ಮಿಕ್ಸರು, ಕುಕ್ಕರುಗಳ ಡಬ್ಬ ಇಳಿಸಿ ಜೋಡಿಸುವುದಕ್ಕೆ ಸಂಬಳ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಕಂಡವರಿಗೆಲ್ಲ ಕಾನೂನು ಹೇಳುವುದು ಬಿಟ್ಟಿ. ಧಾರವಾಡದಲ್ಲಿ ಎಲ್‌ಎಲ್‌ಬಿ ಅರ್ಧಕ್ಕೆ ಬಿಟ್ಟು ಬಂದ ಅವನು, ಎರಿನ್ ಮಿಲ್ಸ್‌ನಿಂದ ಬರುವ ಐವತ್ತು ನಿಮಿಷದ ಬಸ್ಸಿನಲ್ಲಿ ಅಮೆರಿಕದ ಸಂವಿಧಾನದ ಉಪನ್ಯಾಸ ಕೇಳುತ್ತಿದ್ದ. ಇರುವುದು ಕೆನಡಾದಲ್ಲಿ, ಕಲಿಯುವುದು ಪಕ್ಕದ ಮನೆಯವರ ಕಾನೂನು. ಏನು ಮಾಡುವುದು, ಅಲ್ಲಿನ ಕತೆಗಳು ಚೆನ್ನಾಗಿದ್ದವು. ಬಾವುಟಕ್ಕೆ ವಂದಿಸಲೊಲ್ಲದ ಶಾಲಾಮಕ್ಕಳು 1940ರಲ್ಲಿ ಸೋತರು. ಮೂರೇ ವರ್ಷಕ್ಕೆ ಅದೇ ಸುಪ್ರೀಂ ಕೋರ್ಟಿನಲ್ಲಿ ಅಂಥವೇ ಮಕ್ಕಳು ಗೆದ್ದರು. ಅವನಿಗೆ ಪ್ರಾಣವಾಗಿದ್ದದ್ದು 1966ರ ತೀರ್ಪು: ಹಿಡಿದು ತಂದವನನ್ನು ಪ್ರಶ್ನಿಸುವ ಮೊದಲು, ಸುಮ್ಮನಿರುವ ಹಕ್ಕು ನಿನಗುಂಟು ಎಂದು ಪೊಲೀಸರೇ ಅವನಿಗೆ ತಿಳಿಸಬೇಕು.

"ಪೊಲೀಸ್ರ ಬಾಯಿಂದನ ಹೇಳಿಸ್ಯಾರ್ರಿ ಕಾಕಾ!"

"ವಕೀಲ್ರು ಮೊದ್ಲ ರೊಟ್ಟಿ ತಿನ್ರಿ, ಬ್ರೇಕ್ ಮುಗೀತೈತಿ," ಎನ್ನುತ್ತಿದ್ದರು ಬಸವಂತಪ್ಪ.

ಬೈಲಹೊಂಗಲದ ಕಡೆಯ ಬಸವಂತಪ್ಪನಿಗೆ ಐವತ್ನಾಲ್ಕು. ಹೆಂಡತಿ ಮಲ್ಲವ್ವನೊಂದಿಗೆ ಸ್ಟ್ರೀಟ್ಸ್‌ವಿಲ್‌ನ ಒಂದು ಬೇಸ್‌ಮೆಂಟಿನಲ್ಲಿದ್ದರು. ನಿಜಗುಣನಿಗೆ ಮೊದಲ ಚಳಿಗಾಲದ ಬೂಟು ಕೊಡಿಸಿದವರೂ ಅವರೇ.

ಏಪ್ರಿಲ್‌ನಲ್ಲಿ ಒಂದು ದಿನ ತಗ್ಗು ಬಿದ್ದ ಕುಕ್ಕರೊಂದು ಬಂತು. "ಇದನ್ನು ಮಾರೋಕಾಗಲ್ಲ, ನೀನೇ ಮನೆಗೆ ಒಯ್ಯಿ," ಎಂದು ಸೂಪರ್‌ವೈಸರ್ ಬಸವಂತಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದ. ನಿಜಗುಣ ಎರಡು ಹೆಜ್ಜೆ ಆಚೆ ಟೇಪು ಅಂಟಿಸುತ್ತಿದ್ದ. ಸಂಜೆ ಗೇಟಿನ ಕಾವಲಿನವರು ಬಸವಂತಪ್ಪನ ಚೀಲ ತೆಗೆಸಿದಾಗ ಕುಕ್ಕರು ಸಿಕ್ಕಿತು. ನಾನು ಹೇಳಿಯೇ ಇಲ್ಲ ಎಂದುಬಿಟ್ಟ ಸೂಪರ್‌ವೈಸರ್. ಮರುದಿನ ಹತ್ತಕ್ಕೆ ಮ್ಯಾನೇಜರರ ಮುಂದೆ ವಿಚಾರಣೆ.

"ಇದ್ದದ್ದ ಇದ್ದಂಗ ಹೇಳಿಬಿಡ್ತೀನಿ," ಎಂದರು ಬಸವಂತಪ್ಪ.

"ಬ್ಯಾಡ್ರಿ ಕಾಕಾ! ಒಂದ್ ಮಾತಾಡಿದ್ರ ಅದನ್ನ ನಿಮ್ಮ ಮ್ಯಾಲೇ ತಿರುಗಸ್ತಾರ. ಸುಮ್ನಿರೂದು ನಿಮ್ಮ ರೈಟು."

"ಅದು ಅಮೆರಿಕಾದ್ದಲ್ಲೇನೋ?"

"ಎಲ್ಲಾ ಕಡೆ ಒಂದ ರೀ."

ಅಂಥ ಹಕ್ಕುಗಳು ಸರಕಾರದ ಕೈ ಕಟ್ಟುವುದಕ್ಕೆ ಇರುವಂಥವು. ಖಾಸಗಿ ಕಂಪನಿಯ ಮ್ಯಾನೇಜರು ಅಲ್ಲಿಯೂ ಪೊಲೀಸಲ್ಲ, ಇಲ್ಲಿಯೂ ಅಲ್ಲ. ಇದು ಮೊದಲ ಉಪನ್ಯಾಸದಲ್ಲೇ ಇತ್ತು. ಆ ದಿನ ನಮ್ಮ ವಕೀಲರು ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಬಸವಂತಪ್ಪ ನಲವತ್ತು ನಿಮಿಷ ಬಾಯಿ ಬಿಡದೆ ಕೂತರು. ಹೊರಗೆ ನಿಜಗುಣ, ಯಾರಾದರೂ ಕರೆದು ಕೇಳಿದರೆ ಹೇಳೋಣ ಎಂದು ಕಾದ. ಯಾರೂ ಕರೆಯಲಿಲ್ಲ. ಕಚೇರಿಯ ಬಾಗಿಲು ಇಪ್ಪತ್ತು ಹೆಜ್ಜೆ ದೂರವಿತ್ತು, ಮತ್ತು ಅವನ ಶಿಫ್ಟು ಹಾಕುವವನು ಅದೇ ಸೂಪರ್‌ವೈಸರ್. ಮಧ್ಯಾಹ್ನಕ್ಕೆ ಬಸವಂತಪ್ಪನ ಹನ್ನೊಂದು ವರ್ಷದ ಕೆಲಸ ಹೋಯಿತು. ಕಾಗದದಲ್ಲಿ ಕಾರಣ ಒಂದೇ ಪದ: ಕಳ್ಳತನ.

ಮೂರು ವಾರ ಒದ್ದಾಡಿ ನಿಜಗುಣ ಮ್ಯಾನೇಜರರ ಬಳಿ ಹೋದ. ಫೈಲು ಮುಚ್ಚಿದೆ, ಏನಿದ್ದರೂ ಬರೆದುಕೊಡು ಎಂದರು. ಆ ಭಾನುವಾರ ಅವನು ಸ್ಟ್ರೀಟ್ಸ್‌ವಿಲ್‌ಗೆ ಹೋದ.

"ಕಾಕಾ, ಅಂವಾ ಒಯ್ಯಿ ಅಂದದ್ದು ನಾ ಕೇಳಿದ್ದೆ."

"ಗೊತ್ತೈತಿ. ಬಾಜೂಕ ಇದ್ದೆಲ್ಲ."

"ಮತ್ತ ನನ್ನ ಹೆಸರ ಯಾಕ ಹೇಳ್ಲಿಲ್ರಿ?"

"ನೀನ ಸುಮ್ನಿರು ಅಂದಿದ್ದಿ." ಬಸವಂತಪ್ಪ ನಕ್ಕರು, ನಗು ಅರ್ಧಕ್ಕೇ ನಿಂತಿತು. "ಕುಂತಷ್ಟೂ ಹೊತ್ತು ಬಾಗಿಲ ಕಡೇನ ನೋಡ್ತಿದ್ದೆ. ಬರ್ತಿ ಅಂತ ಮಾಡಿದ್ದೆ ತಮ್ಮಾ."

"ಈಗ ಬರದು ಕೊಡ್ತೀನ್ರಿ."

"ಕೊಡು. ಕೆಲಸ ಏನ್ ಬಿಡು, ಕ್ಲೈನ್‌ಬರ್ಗ್‌ನ್ಯಾಗ ಒಬ್ರ ಮನಿ ಹುಲ್ಲು ಕತ್ತರಸ್ತೀನಿ. ಕಳ್ಳ ಅನ್ನೂದೊಂದು ಹೋಗ್ಲಿ."

ನಿಜಗುಣ ಅಲ್ಲೇ ಊಟದ ಮೇಜಿನ ಮೇಲೆ ಬರೆದ. ಮೂರೇ ಸಾಲು. ಒಂದು ಕಾನೂನಿನ ಪದವೂ ಬೇಕಾಗಲಿಲ್ಲ. ಅದನ್ನು ಕನ್ನಡದಲ್ಲಿ ಓದಿ ಹೇಳು ಎಂದರು ಮಲ್ಲವ್ವ, ಒಲೆಯ ಕಡೆಯಿಂದ ತಿರುಗದೆ. 'ನಾನು ಅಲ್ಲೇ ನಿಂತಿದ್ದೆ' ಎಂಬಲ್ಲಿ ಅವನ ದನಿ ಇಳಿಯಿತು.

"ಜೋರಾಗಿ ಓದಪಾ," ಎಂದರು ಮಲ್ಲವ್ವ, "ಕೇಳವಲ್ದು."