ಸೀಗಿ ಹುಣ್ಣಿಮೆಯ ನೀರು

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸಮುದ್ರದ ಉಬ್ಬರವಿಳಿತದ ಪಾಠ ಹೇಳಿದವನು ನಾನು. ಸಮುದ್ರವನ್ನು ಕಣ್ಣಾರೆ ಕಂಡದ್ದು ಇಪ್ಪತ್ತಮೂರನೆಯ ವರ್ಷ. ಇದನ್ನು ಹೇಳಿಕೊಳ್ಳಲು ನನಗೆ ಮೊದಲು ನಾಚಿಕೆಯೇನೂ ಇರಲಿಲ್ಲ. ನಾರಾಯಣಪೇಟೆಯ ಕನ್ನಡ ಶಾಲೆಯ ಭೂಗೋಳ ಮಾಸ್ತರನಾದ ನಾನು ಮರುಭೂಮಿಯನ್ನೂ ನೋಡಿರಲಿಲ್ಲ, ಜ್ವಾಲಾಮುಖಿಯನ್ನೂ ನೋಡಿರಲಿಲ್ಲ; ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಚಂದ್ರ ಎಳೆಯುತ್ತಾನೆ, ನೀರು ಏರುತ್ತದೆ. ಆರು ತಾಸು ಏರು, ಆರು ತಾಸು ಇಳಿ. ಹುಣ್ಣಿಮೆ ಅಮಾವಾಸ್ಯೆಗೆ ಸ್ವಲ್ಪ ಹೆಚ್ಚು. ನನ್ನ ಪಾಲಿಗೆ ಅದು ಪರೀಕ್ಷೆಯ ನಾಲ್ಕು ಅಂಕದ ಪ್ರಶ್ನೆ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ ತರಗತಿಯಲ್ಲಿ ಹೊಸ ನಕ್ಷೆ ತೂಗುಹಾಕಿದೆ. ಮುಂದಿನ ಸಾಲಿನ ಶಿವಲೀಲಾ ಎದ್ದು ನಿಂತು, "ಸರ, ಇನ್ನ ನಮಗ ಸಮುದ್ರ ಇಲ್ಲೇನ್ರಿ?" ಎಂದಳು. ನಕ್ಷೆ ನೋಡಿದೆ. ಹೌದು, ಸುತ್ತ ಎಲ್ಲಿಯೂ ನೀಲಿ ಇರಲಿಲ್ಲ. ಹೈದರಾಬಾದು ನಮಗೆ ಬಂದಿತ್ತು, ಸಮುದ್ರ ಆಂಧ್ರದವರಿಗೆ ಹೋಗಿತ್ತು. 'ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ' ಎನ್ನುವ ಗಾದೆ ಇದೆ. ನಮಗೆ ಉಪ್ಪಿಗೇನೂ ಬಡತನವಿರಲಿಲ್ಲ, ನೆಂಟಸ್ತನವೇ ಕಡಿದುಹೋಗಿತ್ತು. ಯಾವತ್ತೂ ನೋಡದ ವಸ್ತು ಕೈತಪ್ಪಿತೆಂದು ಮನುಷ್ಯನಿಗೆ ದುಃಖವಾಗುತ್ತದೆಯೇ? ನನಗೆ ಆಯಿತು. ದಸರೆ ರಜೆಯಲ್ಲಿ ನೋಡಿಯೇ ಬರಬೇಕೆಂದು ಹಟ ಹುಟ್ಟಿತು.

ಜೊತೆಗೆ ಬಂದವನು ಶಿವಲೀಲಾಳ ಅಪ್ಪ ನಾಗಪ್ಪ. ನನ್ನ ಬಾಡಿಗೆ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ನಾನು ಮಕ್ತಲದಿಂದ ನೌಕರಿಗೆ ಬಂದ ಮೊದಲ ದಿನ ನನ್ನ ಟ್ರಂಕು ಇಳಿಸಿದವನು ಅವನು. ಅವನ ಮಗ್ಗದ ಸದ್ದು ನಿಂತರೆ ಊಟದ ಹೊತ್ತಾಯಿತೆಂದು ನನಗೆ ತಿಳಿಯುತ್ತಿತ್ತು. ನಾರಾಯಣಪೇಟೆ ಸೀರೆ ನೇಯುವುದರಲ್ಲಿ ಅವನ ಕೈ ಹೆಸರಾಗಿತ್ತು. ಓಡುವ ಮಗ್ಗದಲ್ಲಿ ಎಳೆ ಹರಿದರೆ ಕಣ್ಣು ಹಾಯಿಸದೆ ಎರಡು ಬೆರಳಲ್ಲಿ ಗಂಟು ಹಾಕಿಬಿಡುತ್ತಿದ್ದ. ಸೀರೆಯ ಮೇಲೆ ಆ ಗಂಟನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

"ಸಮುದ್ರದ ಬಣ್ಣ ನೋಡಬೇಕ್ರಿ ಮಾಸ್ತರ್ರ. ಮಂದಿ ಸಮುದ್ರದ ಬಣ್ಣದ ಸೀರಿ ಕೊಡು ಅಂತಾರ. ನಾ ನೋಡಿದ್ದು ಜೂರಾಲದ ಡ್ಯಾಮಿನ ನೀರಷ್ಟ," ಎಂದ.

ಅವನ ಹೆಂಡತಿ ಈರಮ್ಮ ಹಬ್ಬಕ್ಕೆ ತವರೂರು ಗದ್ವಾಲಕ್ಕೆ ಹೋಗಿದ್ದಳು. ನಾವು ಅಲ್ಲಿಯೇ ಅವಳಿಂದ ಬುತ್ತಿ ಕಟ್ಟಿಸಿಕೊಂಡು ರೈಲು ಹತ್ತಿದೆವು. ಮೂರು ಗಾಡಿ ಬದಲಿಸಿ, ಬಂಗಾಳ ಕೊಲ್ಲಿಯ ದಂಡೆಯ ಒಂದು ರಾಷ್ಟ್ರೀಯ ಉದ್ಯಾನ ಮುಟ್ಟಿದೆವು. ಅದರ ಹೆಸರು ಹೇಳುವುದಿಲ್ಲ. ಆದದ್ದರಲ್ಲಿ ಅದರ ತಪ್ಪು ಎಳ್ಳಷ್ಟೂ ಇಲ್ಲ. ಶರತ್ಕಾಲದ ಆಕಾಶ ತೊಳೆದಿಟ್ಟ ಪರಾತದಂತೆ ಇತ್ತು. ಗಾಳಿಮರದ ತೋಪಿನಲ್ಲಿ ಡೇರೆ ಹಾಕಿಕೊಟ್ಟರು. ಎರಡು ದಿನ ಕಾಲುದಾರಿ ಹಿಡಿದು ಅಲೆದೆವು. ಡೇರೆಯಲ್ಲಿ ಮಲಗುವುದು ಇಷ್ಟು ಸುಖವೆಂದು ಗೊತ್ತಿದ್ದರೆ ಬಾಡಿಗೆ ಮನೆ ಹಿಡಿಯುತ್ತಿರಲಿಲ್ಲವಲ್ಲ ಎಂದು ನಾನು ನಗೆಯಾಡಿದೆ. ನಾಗಪ್ಪ ಮೊದಲ ದಿನವೇ ಬೊಗಸೆಯಲ್ಲಿ ಕಡಲ ನೀರೆತ್ತಿ, ಸೋರಿಹೋಗುವವರೆಗೂ ದಿಟ್ಟಿಸಿ ತೀರ್ಪು ಕೊಟ್ಟ: "ಇದಕ್ಕ ಬಣ್ಣನ ಇಲ್ಲ ಬಿಡ್ರಿ. ಮ್ಯಾಲಿನ ಮುಗಲು ನೋಡಿ ಬಣ್ಣ ಕದೀತೈತಿ."

ಮೂರನೆಯ ದಿನ ಸೀಗಿ ಹುಣ್ಣಿಮೆ. ಡೇರೆಗಳಿಂದ ಎರಡು ಮೈಲಿಯಾಚೆ ಒಂದು ಹಿನ್ನೀರಿನ ಹಳ್ಳ, ಹಳ್ಳದಾಚೆ ಉದ್ದಕ್ಕೆ ಚಾಚಿದ ಮರಳ ದಿಬ್ಬ, ಅದರಾಚೆ ತೆರೆದ ಸಮುದ್ರ. ನೀರು ಇಳಿದಾಗ ಹಳ್ಳ ಮೊಣಕಾಲುದ್ದ. ಮಧ್ಯಾಹ್ನ ನಾವು ಅದನ್ನು ದಾಟುವಾಗ ಅರಣ್ಯದ ಕಾವಲುಗಾರ ಸಿಂಹಾಚಲಂ ದಂಡೆಯಲ್ಲಿ ನಿಂತು ಕೂಗಿದ: "ನಾಲುಗು ಗಂಟಲಕಿ ತಿರಿಗಿ ರಂಡಿ ಸಾರೂ! ಈ ರೋಜು ಪುನ್ನಮಿ!" ನಾಲ್ಕಕ್ಕೆ ಮರಳಿ ಬನ್ನಿ, ಇವತ್ತು ಹುಣ್ಣಿಮೆ. ಅವನೂ ಜೊತೆಗೆ ಬರುತ್ತೇನೆಂದ. ನಾನೇ ಬೇಡವೆಂದೆ. ಉಬ್ಬರವಿಳಿತದ ಮಾಸ್ತರನಿಗೆ ಕಾವಲುಗಾರ ಯಾಕೆ?

ಎರಡೂವರೆಗೆ ನೀರು ಪೂರಾ ಇಳಿಯಿತು. ಹಳ್ಳದಂಚಿಗೆ ಒಂದು ಕೋಲು ನೆಟ್ಟೆ. ಒಂದು ತಾಸಿನ ಮೇಲೆ ನೋಡಿದರೆ ನೀರು ಏರಿದ್ದು ನಾಲ್ಕು ಬೆರಳು. ತಾಸಿಗೆ ನಾಲ್ಕು ಬೆರಳಾದರೆ ಮೂರು ತಾಸಿಗೆ ಹನ್ನೆರಡು. ಅಂದರೆ ನೀರು ತೊಡೆಯನ್ನೂ ದಾಟದು. ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಸಮುದ್ರ ಗುಣಾಕಾರದಂತೆ ಏರುವುದಿಲ್ಲ. ಮೊದಲ ತಾಸು ತೂಕಡಿಸುತ್ತದೆ, ಎರಡನೆಯ ತಾಸು ಏಳುತ್ತದೆ, ಮೂರನೆಯ ನಾಲ್ಕನೆಯ ತಾಸಿನಲ್ಲಿ ಓಡುತ್ತದೆ. ದಂಡೆಯ ಮೀನುಗಾರರ ಮಕ್ಕಳಿಗೂ ಗೊತ್ತಿರುವ ಈ ಮಾತು ನನ್ನ ಪಾಠದಲ್ಲಿ ಇರಲಿಲ್ಲ.

"ನಾಲ್ಕಾತ್ರಿ ಮಾಸ್ತರ್ರ, ಹೋಗೂಣು ನಡ್ರಿ," ಎಂದ ನಾಗಪ್ಪ.

"ಇನ್ನ ಟೈಮ್ ಐತೋ. ಹುಣ್ಣಿಮಿ ಚಂದ್ರ ಸಮುದ್ರದಾಗಿಂದ ಏಳೂದು ನೋಡೂಣು. ಮತ್ತ ಯಾವಾಗ ಬರ್ತೀವಿ?"

"ಅಂವ ನಾಲ್ಕಕ್ಕ ಬಾ ಅಂದಾನ್ರಿ."

"ಅಂವ ಹೇಳ್ತಾನ. ಲೆಕ್ಕ ನನಗ ಗೊತ್ತೈತಿ."

ನಾಲ್ಕೂವರೆಗೊಮ್ಮೆ ಕರೆದ, ಐದಕ್ಕೊಮ್ಮೆ ಕರೆದ. ಮೂರನೆಯ ಸಲ ನಾನು ಸಿಡುಕಿದೆ. ಆಮೇಲೆ ಅವನು ಕರೆಯಲಿಲ್ಲ. ನನ್ನ ಬದಿಗೆ ಬಂದು ಕುಳಿತ. ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದಂತೆ ಎದುರಿಗೆ ಚಂದ್ರ ಬಂದ. ಕುಂಕುಮ ಕಲಸಿದಂತಹ ಕೆಂಪು. ಚೆಂದವಿತ್ತು. ಚೆಂದವಿರಲಿಲ್ಲವೆಂದು ಹೇಳಿ ಈಗ ಪುಣ್ಯ ಗಳಿಸಲಾರೆ.

ತಿರುಗಿ ಬಂದಾಗ ಕೋಲು ಇರಲಿಲ್ಲ. ಹಳ್ಳವೂ ಇರಲಿಲ್ಲ, ಅದರ ಜಾಗದಲ್ಲಿ ಒಂದು ಹೊಳೆ ಸದ್ದಿಲ್ಲದೆ ಒಳನಾಡಿನ ಕಡೆಗೆ ಹರಿಯುತ್ತಿತ್ತು. ದಿಬ್ಬವೂ ಎರಡೂ ಬದಿಯಿಂದ ಕರಗುತ್ತ ಬಂದಿತ್ತು. ನನಗೆ ಈಜು ಬಾರದು. ನಾಗಪ್ಪ ಬಾವಿಯಲ್ಲಿ ಕಲಿತವನು. ನನ್ನ ಎಡಗೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು, "ನೆಲ ಬಿಡಬ್ಯಾಡ್ರಿ, ನನ್ನ ಬಿಡಬ್ಯಾಡ್ರಿ," ಎನ್ನುತ್ತ ಇಳಿದ. ನಡುವಿಗೆ ಹೋಗುವಷ್ಟರಲ್ಲಿ ನೀರು ಎದೆಗೆ ಬಂತು, ನೆಲ ತಪ್ಪಿತು. ನಾನು ಹೆದರಿ ಅವನ ಕುತ್ತಿಗೆಯನ್ನೇ ತಬ್ಬಿಬಿಟ್ಟೆ. ಸೆಳವು ಇಬ್ಬರನ್ನೂ ಎಳೆಯಿತು. ಯಾವುದೋ ಕಾಲದಲ್ಲಿ ದೋಣಿ ಕಟ್ಟಲು ನೆಟ್ಟಿದ್ದ ಒಂದು ಗೂಟ ಎದುರಾಯಿತು. ಅದರ ಮೈತುಂಬ ಸಿಂಪಿಯ ಚಿಪ್ಪು, ಒಂದೊಂದೂ ಕುಡುಗೋಲಿನ ಬಾಯಿ. ನಾಗಪ್ಪ ಅದನ್ನು ಬಲಗೈಯಲ್ಲಿ ಹಿಡಿದ. ಎಡಗೈಯಲ್ಲಿ ನನ್ನನ್ನು ಹಿಡಿದ. ನಾವು ಬಾರದ್ದನ್ನು ಕಂಡು ಸಿಂಹಾಚಲಂ ನಾಡದೋಣಿ ತರುವವರೆಗೆ, ಕಾಲು ತಾಸೋ ಅರ್ಧ ತಾಸೋ, ಅವನು ಎರಡರಲ್ಲಿ ಯಾವುದನ್ನೂ ಬಿಡಲಿಲ್ಲ.

ದೋಣಿಯಲ್ಲಿ ಸಿಂಹಾಚಲಂ ಅಳುವ ದನಿಯಲ್ಲಿ ಬೈದ: ನಾಲ್ಕಕ್ಕೆ ಬನ್ನಿ ಎಂದರೆ ಯಾಕೆ ಬರಲಿಲ್ಲ? ನಿಮಗೇನಾದರೂ ಆಗಿದ್ದರೆ ನನ್ನ ನೌಕರಿ ಏನಾಗುತ್ತಿತ್ತು? ಆಗ ನನ್ನ ಬಾಯಿಂದ ತೆಲುಗಿನಲ್ಲಿ ಒಂದು ವಾಕ್ಯ ಬಂತು. ಯೋಚಿಸಿ ಬಂದದ್ದಲ್ಲ, ಬಂದ ಮೇಲೆ ಯೋಚಿಸಲಿಲ್ಲ ಎನ್ನುವುದೇ ನನ್ನ ಪಾಪ. "ಏನು ಮಾಡಲಿ, ಇವನು ಹಕ್ಕಿ ನೋಡುತ್ತ ಕುಳಿತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ."

ತೆಲುಗು ನಾಗಪ್ಪನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವನು ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ.

ಗಾಯ ತೊಳೆದು ಬಟ್ಟೆ ಕಟ್ಟಿದರು. ದವಾಖಾನೆಗೆ ಹೋಗೋಣವೆಂದರೆ, "ಊರಿಗೆ ಹೋಗಿ ತೋರಿಸ್ತೀನಿ," ಎಂದ. ಎರಡು ದಿನದ ದಾರಿ. ಗದ್ವಾಲದಲ್ಲಿ ಇಳಿಯುವಾಗ ಕೈ ಮೊಣಕೈವರೆಗೆ ಊದಿ ಕಪ್ಪಿಟ್ಟಿತ್ತು, ಮೈ ಕೆಂಡವಾಗಿತ್ತು. ಈರಮ್ಮ ಸ್ಟೇಷನ್ನಿಗೆ ಬಂದಿದ್ದಳು. ಹೇಗಾಯಿತೆಂದು ಕೇಳಿದಳು. ಅವಳಿಗೂ ಅದೇ ವಾಕ್ಯ ಹೇಳಿದೆ, ಈ ಸಲ ಕನ್ನಡದಲ್ಲಿ. ಅಲ್ಲಿಂದ ಕರ್ನೂಲಿಗೆ ಒಯ್ದರು. ಜೀವ ಉಳಿಯಿತು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಹೋದವು. ಗಂಟು ಹಾಕುವ ಬೆರಳು ಅವೇ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಪರವಾನಗಿ ಕೊಟ್ಟಿದ್ದಾರೆ. ಅಷ್ಟು ಸುಳ್ಳಿನಿಂದ ಒಂದು ಮನೆ ನಿಲ್ಲುವುದಾದರೆ, ಒಂದೇ ಒಂದು ಸುಳ್ಳು ಏನು ಮಾಡೀತು ಎಂದು ಯಾರಿಗಾದರೂ ಅನ್ನಿಸಬಹುದು. ನಾನು ನೋಡಿದ್ದೇನೆ ಏನು ಮಾಡುತ್ತದೆಂದು. ಅದು ಈರಮ್ಮನಿಂದ ಓಣಿಗೆ, ಓಣಿಯಿಂದ ಪೇಟೆಗೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಅವನ ಹೆಸರು 'ಹಕ್ಕಿ ನಾಗಪ್ಪ' ಎಂದಾಯಿತು. ಮಗ್ಗದ ಮೇಲೆ ಈಗ ಈರಮ್ಮ ಕುಳಿತಳು. ಮೂಲೆಯಲ್ಲಿ ಮುದುಕಿಯರು ಕೂಡುವ ರಾಟೆಯ ಮುಂದೆ ನಾಗಪ್ಪ ಕುಳಿತು ಅವಳಿಗೆ ನೂಲು ಸುತ್ತಿಕೊಡುತ್ತಿದ್ದ. ಗೋಡೆಯಾಚೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಎಳೆ ಹರಿದಾಗಲೆಲ್ಲ ಮಗ್ಗ ನಿಲ್ಲುತ್ತಿತ್ತು, ಬಹಳ ಹೊತ್ತು ನಿಲ್ಲುತ್ತಿತ್ತು. ಆಮೇಲೆ ಅವಳ ದನಿ: "ಹಕ್ಕಿ ನೋಡ್ಕೋತ ಕೂತಿದ್ದನಂತ, ಹಕ್ಕಿ!" ನಾಗಪ್ಪ ಒಂದು ದಿನವೂ ಉತ್ತರ ಕೊಟ್ಟದ್ದು ಕೇಳಲಿಲ್ಲ. ನಾನು ಹಣ್ಣು ಒಯ್ಯುತ್ತಿದ್ದೆ, ಶಿವಲೀಲಾಳಿಗೆ ಪುಸ್ತಕ ಕೊಡುತ್ತಿದ್ದೆ. ಒಳ್ಳೆಯ ಮಾಸ್ತರನೆಂಬ ಹೆಸರು ಆ ದಿನಗಳಲ್ಲಿ ನನಗೆ ಇನ್ನಷ್ಟು ಗಟ್ಟಿಯಾಯಿತು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಶಾಲೆ ಬಿಟ್ಟ ಮೇಲೆ ಶಿವಲೀಲಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಯಾರೋ ಅವಳನ್ನು 'ಹಕ್ಕಿ ಮರಿ' ಎಂದಿದ್ದರು. ಅತ್ತು ಮುಗಿಸಿಯೇ ಬಂದಿದ್ದಳು.

"ಸರ, ನೀವ ಅಲ್ಲೇ ಇದ್ರಿ. ಖರೇ ಹೇಳ್ರಿ. ನಮ್ಮಪ್ಪ ಅಷ್ಟು ದಡ್ಡ ಇದ್ದಾನೇನ್ರಿ?"

"ಇಲ್ಲವ್ವ. ದಡ್ಡ ನಾನು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಜೊತೆಯಲ್ಲಿಯೇ ಮನೆಗೆ ಹೋದೆ.

ಈರಮ್ಮ ಮಗ್ಗದಲ್ಲಿದ್ದಳು, ನಾಗಪ್ಪ ರಾಟೆಯ ಮುಂದೆ. ಹೊಸ್ತಿಲಲ್ಲಿ ನಿಂತೇ ಹೇಳಿದೆ. ಮೂರು ಸಲ ಕರೆದವನು ಅವನು, ಬರಲೊಲ್ಲೆನೆಂದವನು ನಾನು. ಹಕ್ಕಿ ಯಾವುದೂ ಇರಲಿಲ್ಲ. ಮಗ್ಗ ನಿಂತಿತು. ಈರಮ್ಮ ನನ್ನ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿದಳು.

"ವರ್ಷಾತು ನಾ ಬೈಯಾಕತ್ತಿ. ನೀ ಯಾಕ ಬಾಯಿ ಬಿಡಲಿಲ್ಲ?"

ನಾಗಪ್ಪ ರಾಟೆಯ ಎಳೆಯನ್ನು ಮೆಲ್ಲಗೆ ಸಡಿಲಿಸಿದ. "ಬಟ್ಟು ಹೋಗಿದ್ವು. ಗೋಡಿ ಆಜೂಬಾಜೂ ಇರೋ ಮನಷ್ಯಾನ್ನೂ ಕಳ್ಕೊಳ್ಳೂದು ಯಾಕ ಅಂತ ಸುಮ್ಮನಿದ್ದೆ. ಅವರೇ ಹೇಳಬೇಕಾಗಿತ್ತು. ಹೇಳಿದ್ರು."

"ನಿನಗ ಸಾಕಾತು. ನನಗ ಸಾಲೂದಿಲ್ಲ," ಎಂದಳು ಈರಮ್ಮ. ಈಗ ನನ್ನನ್ನು ನೋಡಿದಳು. "ಮಾಸ್ತರ್ರ, ಮನಿಯೊಳಗ ಬಂದು ಹೇಳಿದ್ರ ಏನು ಬಂತು? ಓಣ್ಯಾಗ ಹೋಗಿ ಹೇಳ್ರಿ. ಒಂದೊಂದು ಮನಿಗೂ."

ಹೋದೆ. ಪಾಠ ಹೇಳಿ ಹೇಳಿ ಗಟ್ಟಿಯಾದ ಗಂಟಲು ಮೂರನೆಯ ಮನೆಗೇ ಒಣಗಿತು. ಕೆಲವರು ಒಳಗೆ ಕರೆದು ನೀರು ಕೊಟ್ಟರು. ಕೆಲವರು ನಾನು ನಾಗಪ್ಪನ ಮೇಲಿನ ಕನಿಕರಕ್ಕೆ ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆಂದು ತಿಳಿದು, "ಎಂಥಾ ದೊಡ್ಡ ಮನಸ್ರಿ ನಿಮ್ದು!" ಎಂದರು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ್ದ ಜನ, ನಿಜಕ್ಕೆ ಸಾಕ್ಷಿ ಕೇಳಿದರು. ಕಿರಾಣಿ ಅಂಗಡಿಯ ಮುದುಕ ಪೂರಾ ಕೇಳಿಸಿಕೊಂಡು, "ಇರಲಿ ಬಿಡ್ರಿ. ಆದರ ಹೆಸರು ಚಲೋ ಕೂತೈತಿ ನೋಡ್ರಿ," ಎಂದ. ಅವನು ಹೇಳಿದ್ದು ಸರಿ. ಇವತ್ತಿಗೂ ಆ ಹೆಸರು ಹೋಗಿಲ್ಲ.

ಮರಳಿ ಬಂದಾಗ ದೀಪ ಹಚ್ಚುವ ಹೊತ್ತು. ಈರಮ್ಮ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಾ ಮನಿ ಆದ್ವೇನ್ರಿ?"

"ಆದ್ವು."

"ಆ ಮೂಲಿ ಮನಿ?"

"ಅದಕ್ಕ ಬೀಗ ಹಾಕಿತ್ತವ್ವ."

ಒಳಗೆ ಚಹಾ ಕುದಿಯುವ ವಾಸನೆ ಬರುತ್ತಿತ್ತು.

"ಹಂಗಾರ ನಾಳೆ ಅಲ್ಲಿ ಹೋಗಿ ಬರ್ರಿ. ಬಂದು ಚಾ ಕುಡೀರಿ," ಎಂದು ಬಾಗಿಲು ಮುಂದಕ್ಕೆ ಮಾಡಿದಳು.

ಮರುದಿನ ಶಾಲೆಯ ಗಂಟೆ ಬಾರಿಸುವ ಮೊದಲೇ ಮೂಲೆಯ ಮನೆಗೆ ಹೋದೆ. ಬೀಗ ತೆಗೆದಿತ್ತು.