ಕಾಲರಿನೊಳಗಿನ ಪಟ್ಟಿ

ಮಗಳೇ, ಪುಟ್ಟಾ, ಯುದ್ಧದ ನಾಡಿನಿಂದ ಈ ಪರದೇಶದ ನಮ್ಮ ಊರಾದ ಸಿಟಿವೆಸ್ಟ್‌ಗೆ ಬಂದವರಿಗಾಗಿ ನಿಮ್ಮ ಶಾಲೆಯವರು ಕೋಟು ಕೂಡಿಸುತ್ತಿದ್ದಾಗ, ನಾನು ನನ್ನ ಯಜಮಾನರ, ನಿಮ್ಮ ದಾದಾ ಅವರ ಕೋಟನ್ನು ನಿಮ್ಮ ಕೈಯಿಂದ ಕಿತ್ತುಕೊಂಡೆ. ತೀರಿಹೋದವರ ಹಳೆಯ ಕೋಟಿನ ಮೇಲೆ ದಾದಿಗೆ, ಈ ನಿಮ್ಮ ಅಜ್ಜಿಗೆ, ಇಷ್ಟು ಆಸೆಯೇ ಎಂದುಕೊಂಡಿರಬೇಕು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ಓದಿ ಹೇಳಲಿ.

ಆಸ್ಪತ್ರೆಯಲ್ಲಿ ಬಟ್ಟೆ ಅದಲುಬದಲಾಗದಿರಲಿ ಎಂದು ಆ ಕೋಟಿನ ಕಾಲರಿನೊಳಗೆ ದಾದಾ ಹೆಸರು ಬರೆದ ಬಟ್ಟೆಯ ಪಟ್ಟಿಯನ್ನು ನಾನೇ ಹೊಲಿದಿದ್ದೆ. ಮಗಳೇ, ನೀನು ಅದನ್ನು ನೋಡಿ, "ಲೇಬಲ್ ಕಟ್ ಮಾಡಿ ಬಿನ್‌ಗೆ ಹಾಕಿ ದಾದಿ, ಇಟ್ಸ್ ಗ್ರ್ಯಾಂಡ್," ಎಂದೆ, ಪರವಾಗಿಲ್ಲ ಎನ್ನಲು ಇಲ್ಲಿಯವರು ಹೇಳುವ ಹಾಗೆ. ನಿನ್ನದೇನೂ ತಪ್ಪಿಲ್ಲ.

ನನ್ನ ಅಬ್ಬಾ ಬೆಳಗಾವಿ ಕಡೆಯ ಸಂತೆಗಳಲ್ಲಿ ಮಿಲಿಟರಿ ಕೋಟು ಮಾರುತ್ತಿದ್ದರು. ದೊಡ್ಡ ಯುದ್ಧ ಮುಗಿದು ವರ್ಷಗಳಾಗಿದ್ದರೂ ದಂಡಿಗೆಂದು ಹೊಲಿಸಿದ ಉಣ್ಣೆ ಬಟ್ಟೆ ಗೋದಾಮುಗಳಲ್ಲಿ ತೀರಿರಲಿಲ್ಲ. ಹೊಸವೂ ಯಾರೋ ತೊಟ್ಟು ಬಿಟ್ಟವೂ ಕಲೆತು ಹರಾಜಿನಲ್ಲಿ ಮೂಟೆಮೂಟೆಯಾಗಿ ಬರುತ್ತಿದ್ದವು. ಚಹಾದಂಗಡಿಯಲ್ಲಿ ಪತ್ರಿಕೆ ಓದುವವರನ್ನು ಅಬ್ಬಾ ಕೇಳುತ್ತಿದ್ದುದು ಒಂದೇ: ಎಲ್ಲಾದರೂ ಮತ್ತೆ ಯುದ್ಧ ಹತ್ತಿದೆಯೇ? ಹತ್ತಿದರೆ ಸರ್ಕಾರ ಹರಾಜು ನಿಲ್ಲಿಸುತ್ತದೆ, ಯುದ್ಧ ನಿಂತರೆ ಮೂಟೆ ಬರುತ್ತವೆ. ದೂರದೇಶಗಳ ಹೆಸರನ್ನು ನಾನು ಕಲಿತದ್ದು ಹಾಗೆಯೇ.

ತೊಟ್ಟ ಕೋಟುಗಳ ಕಾಲರಿನಲ್ಲಿ ಸಿಪಾಯಿಯ ನಂಬರು ಬರೆದ ಪಟ್ಟಿ ಇರುತ್ತಿತ್ತು. ಅದನ್ನು ಕಂಡರೆ ಜನ, ಸತ್ತವನ ಕೋಟೆಂದು ಕೊಳ್ಳುತ್ತಿರಲಿಲ್ಲ. ಹೊಲಿಗೆ ಬಿಚ್ಚಿ ಅದನ್ನು ತೆಗೆಯುವುದು ನನ್ನ ಕೆಲಸ. ಆದರೆ ಎಸೆಯುವಂತಿರಲಿಲ್ಲ. ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಗುರುವಾರ ಸಂಜೆ ಅಬ್ಬಾ ಆ ಡಬ್ಬಿಯನ್ನು ಮುಂದಿಟ್ಟುಕೊಂಡು ಸತ್ತವರಿಗಾಗಿ ಫಾತಿಹಾ ಓದುತ್ತಿದ್ದರು. ಅವರು ಯಾವ ಜಾತಿಯೋ, ಬದುಕಿದ್ದಾರೋ ಏನೋ ಎಂದು ಅಮ್ಮಾ ಗೊಣಗಿದರೆ, ಇವರ ಬಟ್ಟೆಯಿಂದ ನಮಗೆ ಅನ್ನ, ಅಷ್ಟು ಗೊತ್ತಿದ್ದರೆ ಸಾಕು ಎನ್ನುತ್ತಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ, ಒಂದು ಮಳೆಗಾಲದ ದಿನ ಹಸಿ ಸೌದೆಗೆ ಒಲೆ ಹತ್ತಲಿಲ್ಲ. ಅಮ್ಮಾ ಬೈಯುತ್ತಾರೆಂದು, ಆಗತಾನೆ ಬಿಚ್ಚಿದ್ದ ಪಟ್ಟಿಗಳಲ್ಲಿ ಒಂದು ಹಿಡಿ ಒಲೆಗೆ ಹಾಕಿದೆ. ಚೆನ್ನಾಗಿ ಹತ್ತಿಕೊಂಡಿತು.

ಮುಂದಿನ ಸಂತೆಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಏನೂ ಕೊಳ್ಳದೆ ಒಂದೊಂದೇ ಕಾಲರು ಮಗುಚಿ ನೋಡಿದರು. ಆಮೇಲೆ ಸೆರಗು ಸರಿಸಿ ಮುಂಗೈ ಚಾಚಿದರು. ಅಲ್ಲಿ ಹಸಿರು ಹಚ್ಚೆಯಲ್ಲಿ ಇಂಗ್ಲಿಷ್ ಅಂಕಿಗಳಿದ್ದವು. ದಂಡಿಗೆ ಹೋಗಿ ತಿರುಗಿ ಬಾರದ ಮಗನ ನಂಬರು.

"ಕಾಗದಾ ಹರೀತೈತಿ, ತೊಗಲು ಹರ್ಯಂಗಿಲ್ಲ ಅಂತ ಹಚ್ಚಿ ಹಾಕಿಸ್ಕೊಂಡೀನಿ," ಎಂದರು. "ಸಾಹೇಬ್ರ, ಇಂಥಾದ್ದು ನಿಮ್ಮ ಕೈಗೆ ಬಂದಿತ್ತೇನು?"

ಅಬ್ಬಾ ಡಬ್ಬಿ ಸುರಿದರು. ಇಂಗ್ಲಿಷ್ ಅಂಕಿ ಬಲ್ಲವಳು ನಾನೊಬ್ಬಳೇ, ಮಾಸ್ತರರು ಕಲಿಸಿದ್ದರು. ಒಂದೊಂದೇ ಪಟ್ಟಿಯನ್ನು ಆ ಕೈಯ ಪಕ್ಕದಲ್ಲಿಟ್ಟು ನೋಡಿದೆ. ಇರಲಿಲ್ಲ.

"ಎಲ್ಲಾ ಇಷ್ಟ ಏನವಾ?" ಎಂದು ಅವರು ನನ್ನನ್ನೇ ಕೇಳಿದರು.

"ಇಷ್ಟ, ಬ್ಯಾರೆ ಇಲ್ಲ," ಎಂದೆ.

ಅವರು ನನ್ನ ತಲೆ ಸವರಿ ಹೊರಟುಹೋದರು. ಆಮೇಲೆ ಯಾವ ಸಂತೆಯಲ್ಲೂ ಕಾಣಲಿಲ್ಲ.

ಸುಟ್ಟವುಗಳಲ್ಲಿ ಆ ನಂಬರು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಓದದೆಯೇ ಹಾಕಿದ್ದೆ. ಅಬ್ಬಾಗೂ ಹೇಳಲಿಲ್ಲ, ನಿಮ್ಮ ದಾದಾಗೂ ಹೇಳಲಿಲ್ಲ. ಎಷ್ಟೋ ಪಟ್ಟಿಗಳ ಜೊತೆ ಹೋಲಿಸಿ ನೋಡಿದ್ದರಿಂದ ಆ ಅಂಕಿಗಳು ಮಾತ್ರ ಬಾಯಿಪಾಠವಾಗಿ ಉಳಿದವು. ಇಲ್ಲಿ ಬಸ್ಸಿಗೆ ಕಾಯುವಾಗ ಯಾರಾದರೂ ವಯಸ್ಸಾದವರು ಅಂಗಿಯ ತೋಳು ಮೇಲೇರಿಸಿದರೆ, ಈಗಲೂ ನನ್ನ ಕಣ್ಣು ಅವರ ಮುಂಗೈಗೆ ಹೋಗುತ್ತದೆ. ಬರೀ ಬಿಳಿ ಚರ್ಮ. ಆದರೂ ಅವರು ನನ್ನ ಕಡೆ ತಿರುಗಿ, ಎಲ್ಲಾ ಇಷ್ಟ ಏನವಾ ಎಂದು ಕೇಳುತ್ತಾರೇನೋ ಎಂದು ಮುಖ ಆ ಕಡೆ ಮಾಡುತ್ತೇನೆ.

ಕೋಟು ಕಿತ್ತುಕೊಂಡ ಮರುದಿನ ಗುಂಡಿಗಳನ್ನು ಬಿಗಿ ಮಾಡಿ ಕೋಟನ್ನು ನಿಮಗೇ ಕೊಟ್ಟೆನಲ್ಲ. ಬಂದವರಿಗೆ ಚಳಿ, ಇಟ್ಟುಕೊಂಡು ನಾನೇನು ಮಾಡಲಿ. ಪಟ್ಟಿ ಬಿಚ್ಚುವಾಗ ಒಂದು ಮೂಲೆ ಹರಿಯಿತು. ದಾದಾ ಅವರ ಆ ಪಟ್ಟಿಯನ್ನು ಈ ಹಾಳೆಗೇ ಹೊಲಿದಿದ್ದೇನೆ, ಕೆಳಗೆ ಆ ತಾಯಿಯ ಕೈಮೇಲಿದ್ದ ನಂಬರನ್ನೂ ಬರೆದಿದ್ದೇನೆ. ಕೇಳಿಕೊಂಡು ಯಾರೂ ಬರಲಿಕ್ಕಿಲ್ಲ. ಬಂದರೆ ತೋರಿಸಲು ಒಂದು ಕಡೆಯಾದರೂ ಇರಲಿ. ಮನೆ ಬದಲಿಸುವಾಗ ಹಳೆಯ ಕಾಗದವೆಂದು ಎಸೆಯಬೇಡಿ, ಮಕ್ಕಳೇ. ಒಂದು ಡಬ್ಬಿಯಲ್ಲಿ ಜೋಪಾನವಾಗಿಡಿ.