ಗಿರಿಜಕ್ಕನ ಎಲೆಯಡಿಕೆ ಚೀಲ

ಎಷ್ಟೋ ತಿಂಗಳ ಮೇಲೆ ನಾವುಂದದಿಂದ ಮೀನು ಹೊತ್ತು ಬಂದಿದ್ದ ಗಿರಿಜಕ್ಕ ಬಂಗುಡೆ ಎಣಿಸಿಕೊಟ್ಟು, ನಮ್ಮ ಜಗಲಿಯಲ್ಲಿ ಕೂತು, ರವಿಕೆಯ ಎಡಬದಿಯಿಂದ ಎಲೆಯಡಿಕೆ ಚೀಲ ತೆಗೆದರು. ಆ ಬದಿ ತೀರಾ ಚಪ್ಪಟೆಯಾಗಿತ್ತು. ನಾನು ನೋಡಿದ್ದು ಕಂಡು ನಕ್ಕರು. “ಕ್ಯಾನ್ಸರ್ ಅಂದೇಳಿ ತೆಗ್ದ್ರ್ ಅಮ್ಮ. ಈಗ ಚೀಲ ಇಡುಕೆ ಜಾಗ ಆಯ್ತ್.”

ನನಗೂ ಒಂದು ಸ್ತನ ತೆಗೆದು ಐದು ತಿಂಗಳಾಗಿತ್ತು. ರವಿಕೆಯೊಳಗೆ ಕರವಸ್ತ್ರ ಮಡಚಿಟ್ಟುಕೊಂಡು ತಿರುಗುತ್ತಿದ್ದೆ. ಇನ್ನೊಂದು ಆಪರೇಶನ್ ಮಾಡಿ ಹೊಸದಾಗಿ ಸ್ತನ ರೂಪಿಸಬಹುದು, ಬೇಕಾ ಎಂದು ಡಾಕ್ಟರು ಕೇಳಿದ್ದರು. ‘ಈ ವಯಸ್ಸಿಗೆ ಯಾಕೆ’ ಎಂದು ಗಂಡ, ಅತ್ತಿಗೆ ತೀರ್ಮಾನಿಸಿಯೂ ಆಗಿತ್ತು. ಹೊರಗೆ ಯಾರಿಗೂ ಹೇಳದ್ದನ್ನು ಗಿರಿಜಕ್ಕನಿಗೆ ಹೇಳಿಬಿಟ್ಟೆ.

“ನನ್ನತ್ರ ಬೇಕಾ ಅಂದೇಳಿ ಯಾರೂ ಕೇಣ್ಲಿಲ್ಲ. ನಿಮ್ಮತ್ರ ಕೇಂಡಿದ್ರಲೆ, ನೀವೇ ಹೇಳಿ” ಎಂದರು.

ಮುಂದಿನ ವಾರ ಡಾಕ್ಟರು ಮತ್ತೆ ಕೇಳಿದರು. ಅಭ್ಯಾಸದಂತೆ ಗಂಡನ ಕಡೆ ತಿರುಗಿದ ಮುಖವನ್ನು ಹಿಂದಕ್ಕೆ ತಂದು, ‘ಬೇಕು’ ಅಂದೆ.